ಮೊದಲ ಬಾರಿಯ ಸೈಕೋಸಿಸ್: ಚಿಕಿತ್ಸೆ ಫಲಿಸುತ್ತಾ? ಹಾರ್ಮೋನ್ ಹೇಳುವುದೇನು?

ಪುಣೆ: ಎದುರಿಗೆ ಯಾರೂ ಇಲ್ಲದಿದ್ದರೂ ಕಿವಿಯಲ್ಲಿ ಮಾತು ಕೇಳಿಸುವುದು, ಮನೆಯವರೇ ಊಟಕ್ಕೆ ವಿಷ ಬೆರೆಸುತ್ತಿದ್ದಾರೆ ಎಂಬ ಗಟ್ಟಿ ಅನುಮಾನ, ರಾತ್ರಿಯಿಡೀ ನಿದ್ದೆಯಿಲ್ಲ. ಹದಿಹರೆಯದ ಕೊನೆಗೋ ಇಪ್ಪತ್ತರ ವಯಸ್ಸಿನಲ್ಲೋ ಹೆಚ್ಚಾಗಿ ಶುರುವಾಗುವ ಈ ಸ್ಥಿತಿಯೇ ಸೈಕೋಸಿಸ್. ಆಸ್ಪತ್ರೆಗೆ ಕರೆತಂದ ಹೆತ್ತವರ ಮೊದಲ ಪ್ರಶ್ನೆ ಒಂದೇ: ಮಗ ಹುಷಾರಾಗ್ತಾನಾ? ಇದರ ಉತ್ತರವನ್ನು ಹಾರ್ಮೋನ್‌ಗಳಲ್ಲಿ ಹುಡುಕುವ ಪ್ರಯತ್ನ ಹಲವು ದೇಶಗಳಲ್ಲಿ ನಡೆದಿದೆ. ಪುಣೆ, ಬೆಂಗಳೂರಿನ ಸಂಶೋಧಕರ ಪಾಲೂ ಅದರಲ್ಲಿದೆ.

ಮಾತ್ರೆ ಶುರುವಾಗುವ ಮೊದಲೇ ರಕ್ತ ಪರೀಕ್ಷೆ

ಸೈಕೋಸಿಸ್‌ಗೆ ಕೊಡುವ ಔಷಧಗಳೇ ಹಾರ್ಮೋನ್ ಮಟ್ಟವನ್ನು ಏರುಪೇರು ಮಾಡುತ್ತವೆ. ಹಾಗಾಗಿ ಒಂದೂ ಮಾತ್ರೆ ನುಂಗದ ರೋಗಿಯ ರಕ್ತವೇ ಬೇಕು. ಪುಣೆಯ ಭಾರತಿ ವಿದ್ಯಾಪೀಠದ ಸಂಶೋಧಕರು ಇಂಥ ಸ್ಕಿಜೋಫ್ರೇನಿಯಾ ರೋಗಿಗಳನ್ನು ಪರೀಕ್ಷಿಸಿ 2010ರಲ್ಲಿ ವರದಿ ಪ್ರಕಟಿಸಿದರು. ಆರೋಗ್ಯವಂತರಿಗೆ ಹೋಲಿಸಿದರೆ ರೋಗಿಗಳಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಹೆಚ್ಚಿತ್ತು. ಹೋಮೋಸಿಸ್ಟೀನ್ ಕೂಡ ಹೆಚ್ಚು. ವಿಟಮಿನ್ ಬಿ12, ಫೋಲಿಕ್ ಆಸಿಡ್ ಮಾತ್ರ ಕಡಿಮೆ.

ಬೆಂಗಳೂರಿನ ನಿಮ್ಹಾನ್ಸ್ ತಂಡ 2007ರಲ್ಲೇ ಇಂಥ ರೋಗಿಗಳಲ್ಲಿ ಇನ್ಸುಲಿನ್ ಹೆಚ್ಚಿರುವುದನ್ನು, ಇನ್ಸುಲಿನ್ ಮಾದರಿಯ ಬೆಳವಣಿಗೆ ಅಂಶ ಐಜಿಎಫ್-1 ಕಡಿಮೆ ಇರುವುದನ್ನು ಗುರುತಿಸಿತ್ತು. 2010ರ ಅಧ್ಯಯನದಲ್ಲಿ ಚಿಕಿತ್ಸೆಯ ನಂತರ ಐಜಿಎಫ್-1 ಏರಿತು, ಕಾರ್ಟಿಸೋಲ್ ಇಳಿಯಿತು.

ಬೆಳಗಿನ ಏರಿಕೆಯಲ್ಲಿ ಸುಳಿವು

ಆದರೆ ರೋಗದ ಜೊತೆ ಹಾರ್ಮೋನ್ ಬದಲಾಗುವುದು ಬೇರೆ, ಯಾರಿಗೆ ಔಷಧ ಫಲಿಸುತ್ತದೆ ಎಂದು ಮುಂಚೆಯೇ ಹೇಳುವುದು ಬೇರೆ. ಎರಡನೆಯದಕ್ಕೆ ಹತ್ತಿರ ಹೋಗಿದ್ದು ಲಂಡನ್ನಿನ ಕಿಂಗ್ಸ್ ಕಾಲೇಜಿನ 2015ರ ಅಧ್ಯಯನ. ಬೆಳಿಗ್ಗೆ ಎದ್ದ ಅರ್ಧ ಗಂಟೆಯಲ್ಲಿ ಕಾರ್ಟಿಸೋಲ್ ಸಹಜವಾಗಿ ಜಿಗಿಯುತ್ತದೆ. 12 ವಾರಗಳ ಚಿಕಿತ್ಸೆಗೂ ಸರಿಯಾಗಿ ಸ್ಪಂದಿಸದವರಲ್ಲಿ ಈ ಜಿಗಿತ ಆರಂಭದಲ್ಲೇ ಮಂಕಾಗಿತ್ತು. ಉರಿಯೂತ ಸೂಚಿಸುವ ಇಂಟರ್‌ಲ್ಯೂಕಿನ್-6 ಕೂಡ ಅವರಲ್ಲಿ ಹೆಚ್ಚಿತ್ತು.

ಪುಣೆಯಲ್ಲಿ ಹೆಚ್ಚು, ಲಂಡನ್ನಿನಲ್ಲಿ ಮಂಕು ಎಂದರೆ ಗೊಂದಲವಾಗಬಹುದು. ಒಂದು ಕಡೆ ಅಳೆದದ್ದು ರಕ್ತದಲ್ಲಿನ ಮಟ್ಟ, ಇನ್ನೊಂದು ಕಡೆ ಎದ್ದ ಮೇಲಿನ ಏರಿಕೆ. ಎರಡೂ ಒಂದೇ ಅಲ್ಲ.

ಪ್ರೊಲ್ಯಾಕ್ಟಿನ್ ಮರೆಯುವಂತಿಲ್ಲ

ರಿಸ್ಪೆರಿಡೋನ್‌ನಂಥ ಔಷಧಗಳು ಡೋಪಮೈನ್ ತಡೆಯುವುದರಿಂದ ಪ್ರೊಲ್ಯಾಕ್ಟಿನ್ ಏರುತ್ತದೆ. ಮುಟ್ಟು ತಪ್ಪುವುದು, ಎದೆಯಲ್ಲಿ ಹಾಲು ಜಿನುಗುವುದು, ಲೈಂಗಿಕ ಆಸಕ್ತಿ ಕುಗ್ಗುವುದು ಇದರ ಪರಿಣಾಮ. ಸಂಕೋಚದಿಂದ ವೈದ್ಯರಿಗೂ ಹೇಳದೆ ಮಾತ್ರೆ ನಿಲ್ಲಿಸುವವರಿದ್ದಾರೆ, ರೋಗ ಮರುಕಳಿಸುವುದು ಹಾಗೆಯೇ. ಬಾಯಿಬಿಟ್ಟು ಹೇಳಿದರೆ ಡೋಸ್ ಇಳಿಸಲು ಅಥವಾ ಅರಿಪಿಪ್ರಜೋಲ್‌ನಂಥ ಬದಲಿ ಕೊಡಲು ಸಾಧ್ಯ.

ಹಾಗಾದರೆ ಟೆಸ್ಟ್ ಮಾಡಿಸಬೇಕಾ?

ಈ ರೋಗಿ ಗುಣವಾಗುತ್ತಾನೆ, ಇವನು ಆಗುವುದಿಲ್ಲ ಎಂದು ಹೇಳಬಲ್ಲ ಹಾರ್ಮೋನ್ ರಿಪೋರ್ಟ್ ಸದ್ಯಕ್ಕೆ ಯಾವ ಲ್ಯಾಬ್‌ನಲ್ಲೂ ಇಲ್ಲ. ಅಧ್ಯಯನಗಳಲ್ಲಿ ಕಾಣುವುದು ಗುಂಪಿನ ಸರಾಸರಿ ಅಷ್ಟೇ. ನಿದ್ದೆಗೆಟ್ಟರೂ, ಸಿಗರೇಟು ಸೇದಿದರೂ, ಸೂಜಿ ಕಂಡು ಹೆದರಿದರೂ ಕಾರ್ಟಿಸೋಲ್ ಬದಲಾಗುತ್ತದೆ. ವೈದ್ಯರು ಥೈರಾಯ್ಡ್, ಬಿ12 ಪರೀಕ್ಷೆ ಬರೆದುಕೊಡುವ ಕಾರಣವೇ ಬೇರೆ: ಅವುಗಳ ಏರುಪೇರೂ ಕೆಲವೊಮ್ಮೆ ಇಂಥದ್ದೇ ಲಕ್ಷಣ ತೋರಿಸುತ್ತದೆ.

ಲಕ್ಷಣ ಕಂಡ ಮೇಲೆ ಚಿಕಿತ್ಸೆಯಿಲ್ಲದೆ ಕಳೆದ ದಿನಗಳು ಕಡಿಮೆಯಿದ್ದಷ್ಟೂ ಫಲಿತಾಂಶ ಉತ್ತಮ ಎಂಬುದಕ್ಕೆ ಮಾತ್ರ ಹೆಚ್ಚು ಗಟ್ಟಿ ಆಧಾರವಿದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ. ಕನ್ನಡ, ಮರಾಠಿ ಎರಡರಲ್ಲೂ ಮಾತನಾಡಬಹುದು.