ಗಣಿಯೊಳಗಿನ ಅಪ್ಪ, ಪುಸ್ತಕದೊಳಗಿನ ಅಪ್ಪ

ಡಿ. ಎಚ್. ಲಾರೆನ್ಸ್ ಅಂದ ಕೂಡಲೇ ನಮ್ಮ ಇಂಗ್ಲಿಷ್ ಮೇಷ್ಟ್ರುಗಳಿಗೆ ನೆನಪಾಗುವುದು ಎರಡೇ: ಒಂದು ಕಾಮ, ಇನ್ನೊಂದು ಈಡಿಪಸ್. ಮಗ ತಾಯಿಯನ್ನು ಅತಿಯಾಗಿ ಹಚ್ಚಿಕೊಂಡ, ಅದಕ್ಕೇ ಬೇರೆ ಹೆಣ್ಣನ್ನು ಪ್ರೀತಿಸಲಾರದೆ ಹೋದ ಎಂದು ಹೇಳಿ 'ಸನ್ಸ್ ಅಂಡ್ ಲವರ್ಸ್' ಪಾಠ ಮುಗಿಸಿಬಿಡ್ತಾರೆ. ಆ ಮನೆಯಲ್ಲಿ ಒಬ್ಬ ಅಪ್ಪ ಇದ್ದ, ಅವನು ದಿನಾ ನೆಲದಡಿಗೆ ಇಳಿದು ಕಲ್ಲಿದ್ದಲು ಕಡಿದು ತಂದ ಕಾಸಿನಲ್ಲೇ ಆ ಮನೆಯ ಒಲೆ ಉರೀತಿತ್ತು ಅನ್ನೋದು ಪ್ರಶ್ನೆಪತ್ರಿಕೆಗೆ ಬರೋದಿಲ್ಲ. ಮನೆತನಕ್ಕೇ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನಾವು ಲಾರೆನ್ಸನನ್ನು ಓದಬೇಕಾದ್ದು ಈ ಅಪ್ಪನ ಕಡೆಯಿಂದ.

ಲಾರೆನ್ಸ್ ಹುಟ್ಟಿದ್ದು 1885ರ ಸೆಪ್ಟೆಂಬರ್ 11ರಂದು, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸೀಮೆಯ ಈಸ್ಟ್‌ವುಡ್ ಎಂಬ ಗಣಿಯೂರಿನಲ್ಲಿ. ಐದು ಮಕ್ಕಳಲ್ಲಿ ನಾಲ್ಕನೆಯವನು. ಅಪ್ಪ ಆರ್ಥರ್ ಬಾಲಕನಾಗಿದ್ದಾಗಲೇ ಗಣಿಗೆ ಇಳಿದವನು, ಬದುಕಿನ ಬಹುಪಾಲನ್ನು ಬ್ರಿನ್ಸ್ಲಿ ಗಣಿಯಲ್ಲಿ ಕಳೆದವನು. ಅಕ್ಷರ ಅಷ್ಟಕ್ಕಷ್ಟೇ. ಆದರೆ ಕುಣಿತದಲ್ಲಿ ಎತ್ತಿದ ಕೈ, ಮಾತಿನಲ್ಲಿ ನಗೆಗಾರ. ಕುಡೀತಿದ್ದ. ಅಮ್ಮ ಲಿಡಿಯಾ ಹುಡುಗಿಯಾಗಿದ್ದಾಗ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳು, ಪುಸ್ತಕ ಓದುವವಳು. ಅವಳ ಅಪ್ಪನೂ ಒಬ್ಬ ಇಂಜಿನ್ ಫಿಟ್ಟರೇ. ಆದರೂ ತಾನು ಮೇಲಿನಿಂದ ಕೆಳಗೆ ಬಿದ್ದೆ ಅನ್ನುವ ಕೊರಗು ಅವಳನ್ನು ಬಿಡಲಿಲ್ಲ. ಒಂದೇ ಮನೆಯಲ್ಲಿ ಎರಡು ಇಂಗ್ಲಿಷು: ಅಪ್ಪನದು ಗಣಿಸೀಮೆಯ ಆಡುಮಾತು, ಅಮ್ಮನದು ಪುಸ್ತಕದ ಭಾಷೆ. ಮಕ್ಕಳು ಮುಂದೆ ಬರಬೇಕಾದರೆ ಯಾವುದನ್ನು ಕಲೀಬೇಕು ಎಂಬುದು ಆಗಲೇ ತೀರ್ಮಾನ ಆಗಿಹೋಗಿತ್ತು.

ಇಲ್ಲೊಂದು ಮಾತು. ಗಣಿ ಕೂಲಿಯ ಮಗನನ್ನು ಅಸ್ಪೃಶ್ಯನ ಮಗನ ಪಕ್ಕ ನಿಲ್ಲಿಸಿ ಎರಡೂ ಒಂದೇ ಅಂತ ನಾವು ಹೇಳ್ತಿಲ್ಲ. ಈಸ್ಟ್‌ವುಡ್ಡಿನಲ್ಲಿ ಯಾರೂ ಆರ್ಥರನಿಗೆ ಬಾವಿ ಮುಟ್ಟಬೇಡ ಅನ್ನಲಿಲ್ಲ. ಅಲ್ಲಿ ವರ್ಗ ಕೂತಿರುವುದು ನಾಲಗೆಯ ಮೇಲೆ; ನಾಲಗೆಯನ್ನು ತಿದ್ದಿಕೊಂಡವನಿಗೆ ಬಾಗಿಲು ಅರ್ಧವಾದರೂ ತೆರೆಯುತ್ತಿತ್ತು. ನಮ್ಮಲ್ಲಿ ನಾಲಗೆ ತಿದ್ದಿಕೊಂಡರೂ ಹೆಸರು, ಕೇರಿ ಕೇಳ್ತಾರೆ. ಆದರೆ ಆ ತಿದ್ದಿಕೊಳ್ಳುವಾಗ ಮಗನಿಗೂ ಅಪ್ಪನಿಗೂ ನಡುವೆ ಏನಾಗುತ್ತದಲ್ಲ, ಅದು ನಮಗೂ ಗೊತ್ತಿರುವ ಸಂಗತಿ.

1898ರಲ್ಲಿ ಹುಡುಗನಿಗೆ ಕೌಂಟಿ ಕೌನ್ಸಿಲಿನ ವಿದ್ಯಾರ್ಥಿವೇತನ ಸಿಕ್ಕಿ ನಾಟಿಂಗ್‌ಹ್ಯಾಮ್ ಹೈಸ್ಕೂಲಿಗೆ ಹೋದ. 1901ರಲ್ಲಿ ಅಲ್ಲಿಂದ ಹೊರಬಂದು ಕೆಲವು ತಿಂಗಳು ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಅದೇ ವರ್ಷ ಅಣ್ಣ ಅರ್ನೆಸ್ಟ್ ಸತ್ತ, ಇವನಿಗೆ ನ್ಯುಮೋನಿಯಾ ಹಿಡಿಯಿತು. ಆಮೇಲೆ ಊರ ಶಾಲೆಯಲ್ಲಿ ಗಣಿ ಕೂಲಿಗಳ ಮಕ್ಕಳಿಗೇ ಪಾಠ ಹೇಳುವ ಕಿರಿಮೇಷ್ಟ್ರು. 1906ರಿಂದ ಎರಡು ವರ್ಷ ನಾಟಿಂಗ್‌ಹ್ಯಾಮಿನ ಕಾಲೇಜು, 1908ರಿಂದ ಲಂಡನ್ ಮಗ್ಗುಲಿನ ಕ್ರಾಯ್ಡನ್ನಿನಲ್ಲಿ ವರ್ಷಕ್ಕೆ 95 ಪೌಂಡಿನ ಮೇಷ್ಟ್ರಗಿರಿ. 1909ರಲ್ಲಿ ಅವನ ಕವನಗಳನ್ನು ತನ್ನ ಕೈಯಾರೆ ನಕಲು ಮಾಡಿ 'ಇಂಗ್ಲಿಷ್ ರಿವ್ಯೂ' ಪತ್ರಿಕೆಗೆ ಕಳಿಸಿದವಳು ರೈತರ ಮಗಳು ಜೆಸ್ಸಿ ಚೇಂಬರ್ಸ್. ಅವಳು ಕಳಿಸದಿದ್ದರೆ? ಸಾಹಿತ್ಯ ಚರಿತ್ರೆ ಇಂಥವರನ್ನು ಅಡಿಟಿಪ್ಪಣಿಗೆ ತಳ್ಳಿಬಿಡುತ್ತದೆ.

ಮೊದಲ ಕಾದಂಬರಿ 'ದಿ ವೈಟ್ ಪೀಕಾಕ್' ಪ್ರಕಟವಾದದ್ದು 1911ರಲ್ಲಿ. ಅದರ ಮೊದಲ ಪ್ರತಿಯನ್ನು ಅದಕ್ಕೂ ಮುಂಚೆಯೇ ತರಿಸಿ, 1910ರ ಡಿಸೆಂಬರಿನಲ್ಲಿ, ಕ್ಯಾನ್ಸರಿನಿಂದ ಸಾಯುತ್ತಿದ್ದ ತಾಯಿಯ ಕೈಲಿಟ್ಟ. ಅವಳ ಮಣ್ಣಾದ ಮೇಲೆ ಅಪ್ಪ ಆ ಪುಸ್ತಕ ಹಿಡಿದು ಅರ್ಧ ಪುಟ ತಡಕಾಡಿದನಂತೆ. ಇದಕ್ಕೆ ಎಷ್ಟು ಕೊಟ್ರು ಅಂತ ಕೇಳಿದ. 50 ಪೌಂಡು ಅಂದ ಮಗ. ಒಂದು ದಿನಾನೂ ಮೈಮುರಿದು ದುಡೀದೋನಿಗೆ ಐವತ್ತು ಪೌಂಡಾ ಎಂದು ಅಪ್ಪ ದಂಗಾದ. ಇದನ್ನು ಬರೆದಿಟ್ಟವನು ಲಾರೆನ್ಸನೇ. ಓದಿದವರು ಅಪ್ಪನ ದಡ್ಡತನಕ್ಕೆ ನಗ್ತಾರೆ. ನಮಗೆ ನಗು ಬರೋದಿಲ್ಲ. ನೆಲದಡಿಯಲ್ಲಿ ಬೆನ್ನು ಬಗ್ಗಿಸಿದವನು ದುಡಿಮೆಯ ಬೆಲೆ ಕೇಳಿದ, ಅಷ್ಟೇ. ಆ ಲೆಕ್ಕಕ್ಕೆ ಯಾವ ವಿಮರ್ಶಕನೂ ಉತ್ತರ ಕೊಟ್ಟಿಲ್ಲ.

1913ರಲ್ಲಿ ಬಂದ 'ಸನ್ಸ್ ಅಂಡ್ ಲವರ್ಸ್'ನಲ್ಲಿ ಅಪ್ಪನ ಹೆಸರು ಮೊರೆಲ್. ಕುಡುಕ, ಒರಟ, ಹೆಂಡತಿಯನ್ನು ಹೊರಗೆ ದಬ್ಬುವವನು. ಅದರಲ್ಲೊಂದು ಕಡೆ ಮಗ ಪಾಲ್ ಅಪ್ಪನ ಬಟವಾಡೆ ತರಲು ಗಣಿ ಕಂಪನಿಯ ಕಚೇರಿಗೆ ಹೋಗಿ, ಅವಮಾನಪಟ್ಟು ಮನೆಗೆ ಬಂದು, ಅಲ್ಲಿನವರಿಗೆ ವ್ಯಾಕರಣ ಬರೋದಿಲ್ಲ, ಹಕಾರ ನುಂಗ್ತಾರೆ ಅಂತ ಅಮ್ಮನ ಹತ್ತಿರ ದೂರುತ್ತಾನೆ. ನೋಡಿ, ಹುಡುಗನ ಕೈಗೆ ಸಿಕ್ಕ ಆಯುಧ ಯಾವುದು! ಕಂಪನಿಯವರ ಕಡೆಗೆ ಬೀಸಿದ ಆ ಕತ್ತಿ ಮನೆಗೆ ಬಂದರೆ ಮೊದಲು ತಾಗುವುದು ಅಪ್ಪನಿಗೇ.

ಆದರೆ ಅದೇ ಕಾದಂಬರಿಯಲ್ಲಿ ಇನ್ನೊಬ್ಬ ಮೊರೆಲ್ ಕೂಡ ಇದ್ದಾನೆ. ಹುಲ್ಲುಕಡ್ಡಿಯೊಳಗೆ ಮದ್ದು ತುಂಬಿ ಗಣಿಗೆ ಬತ್ತಿ ಮಾಡುವವನು, ಮಕ್ಕಳನ್ನು ಸುತ್ತ ಕೂರಿಸಿಕೊಂಡು ಗಣಿಯ ಕುದುರೆಯ ಕಥೆ ಹೇಳುವವನು, ಹಾಡುತ್ತಾ ಬೂಟು ಹೊಲಿಯುವವನು. ಬರೆಯುವವನ ತಲೆ ತೀರ್ಪು ಕೊಡ್ತಿದ್ದಾಗ ಕೈ ಸಾಕ್ಷಿ ಹೇಳಿಬಿಟ್ಟಿದೆ. ಇನ್ನು ಹಸ್ತಪ್ರತಿಯ ಸುಮಾರು ಹತ್ತನೇ ಒಂದು ಭಾಗವನ್ನು ಸಂಪಾದಕ ಎಡ್ವರ್ಡ್ ಗಾರ್ನೆಟ್ ಕತ್ತರಿಸಿದ್ದ. ಪೂರ್ತಿ ಪಠ್ಯ ಓದುಗರಿಗೆ ಸಿಕ್ಕಿದ್ದು 1992ರಲ್ಲಿ.

ಮುಂದಿನದು ಅಲೆದಾಟ. 1912ರಲ್ಲಿ ತನ್ನ ಪ್ರೊಫೆಸರರ ಹೆಂಡತಿ, ಜರ್ಮನಿಯ ಫ್ರೀಡಾಳ ಜೊತೆ ಓಡಿಹೋದ. 1915ರಲ್ಲಿ 'ದಿ ರೈನ್‌ಬೋ' ಅಶ್ಲೀಲವೆಂದು ಕೋರ್ಟು ಪ್ರತಿಗಳನ್ನು ನಾಶಮಾಡಿಸಿತು. 1917ರಲ್ಲಿ, ಯುದ್ಧಕಾಲದಲ್ಲಿ, ಗೂಢಚಾರರೆಂಬ ಗುಮಾನಿಯ ಮೇಲೆ ಗಂಡಹೆಂಡಿರನ್ನು ಕಾರ್ನ್‌ವಾಲಿನಿಂದ ಹೊರಹಾಕಿದರು. ಇಟಲಿ, ಸಿಲೋನು, ಆಸ್ಟ್ರೇಲಿಯಾ, ಮೆಕ್ಸಿಕೊ. ಈ ನಡುವೆ ಬಲಿಷ್ಠ ನಾಯಕನಿಗೆ ಜನ ತಲೆಬಾಗಬೇಕು ಎಂಬಂಥ ವಿಚಾರಗಳನ್ನೂ ಬರೆದ. ಅದನ್ನು ನಾವು ಒಪ್ಪೋದಿಲ್ಲ. ಕೂಲಿಯ ಮಗ ಬರೆದ ಅಂತ ಮಾಫಿ ಮಾಡೋದೂ ಇಲ್ಲ.

1924ರ ಸೆಪ್ಟೆಂಬರಿನಲ್ಲಿ ಅಪ್ಪ ಆರ್ಥರ್ ತೀರಿಕೊಂಡಾಗ ಮಗ ದೂರದ ಅಮೆರಿಕಾದ ನ್ಯೂ ಮೆಕ್ಸಿಕೋದಲ್ಲಿದ್ದ. ಎರಡು ವರ್ಷ ಕಳೆದು, 1926ರ ಸೆಪ್ಟೆಂಬರಿನಲ್ಲಿ, ಲಾರೆನ್ಸ್ ಕೊನೆಯ ಸಲ ಈಸ್ಟ್‌ವುಡ್ಡಿಗೆ ಬಂದ. ಮೇ ತಿಂಗಳಿಂದ ಗಣಿಗಳು ಬಂದ್. ಕೂಲಿ ಇಳಿಸಿ ಕೆಲಸದ ಹೊತ್ತು ಹೆಚ್ಚಿಸಬೇಕೆಂದ ಮಾಲೀಕರ ವಿರುದ್ಧ ಕಾರ್ಮಿಕರು ಹಸಿದುಕೊಂಡೇ ನಿಂತಿದ್ದರು. ಅದನ್ನು ಕಂಡು ಇಟಲಿಗೆ ಮರಳಿದವನು ಮುಂದಿನ ತಿಂಗಳೇ 'ಲೇಡಿ ಚಾಟರ್ಲಿ'ಯನ್ನು ಶುರುಮಾಡಿದ. ಅದರ ಕಾಡುಕಾವಲುಗಾರ ಮೆಲರ್ಸ್ ಗಣಿ ಕೂಲಿಯ ಮಗ. ಪುಸ್ತಕದ ಇಂಗ್ಲಿಷು ಚೆನ್ನಾಗಿ ಬಂದರೂ ಬೇಕಂತಲೇ ಊರಮಾತು ಆಡುವವನು. ಅಪ್ಪನ ನಾಲಗೆ ಕಾದಂಬರಿಯ ನಾಯಕನ ಬಾಯಿಗೆ ಬಂದಿತ್ತು. ಅಪ್ಪನಿಗೆ ನಾನು ಅನ್ಯಾಯ ಮಾಡಿದೆ ಎಂದು ಕೊನೆಗಾಲದಲ್ಲಿ ಆಪ್ತರ ಬಳಿ ಹೇಳಿಕೊಂಡನೇ ಹೊರತು ಆ ಕಾದಂಬರಿಯನ್ನು ತಿರುಗಿ ಬರೆಯಲಿಲ್ಲ. 1930ರ ಮಾರ್ಚ್ 2ರಂದು ಫ್ರಾನ್ಸಿನ ವಾನ್ಸ್‌ನಲ್ಲಿ ಕ್ಷಯದಿಂದ ಸತ್ತ. ವಯಸ್ಸು 44.

1960ರಲ್ಲಿ ಪೆಂಗ್ವಿನ್ನಿನವರು 'ಲೇಡಿ ಚಾಟರ್ಲಿ'ಯನ್ನು ಮೂರೂವರೆ ಶಿಲ್ಲಿಂಗಿಗೆ ಮಾರಲು ಹೊರಟಾಗ ಮೊಕದ್ದಮೆ ಬಿತ್ತು. ಇದನ್ನು ನಿಮ್ಮ ಹೆಂಡತಿಯೋ ಆಳುಗಳೋ ಓದುವುದು ನಿಮಗೆ ಇಷ್ಟವೇ ಎಂದು ಸರಕಾರಿ ವಕೀಲ ಜ್ಯೂರಿಯನ್ನು ಕೇಳಿದ. ಸಿರಿವಂತರ ಕಪಾಟಿನಲ್ಲಿದ್ದರೆ ಕಲೆ, ಕೂಲಿಯವನ ಜೇಬಿಗೆ ಎಟಕಿದರೆ ಅಶ್ಲೀಲ! ಜ್ಯೂರಿ ಪುಸ್ತಕವನ್ನು ಬಿಡುಗಡೆ ಮಾಡಿತು. ನಮ್ಮ ದೇಶದಲ್ಲಿ ಮುಂಬಯಿಯ ಪುಸ್ತಕದಂಗಡಿಯವರ ಮೇಲೆ ಹೂಡಿದ ಮೊಕದ್ದಮೆಯಲ್ಲಿ, 1964ರಲ್ಲಿ, ಸುಪ್ರೀಂ ಕೋರ್ಟು ಅದೇ ಪುಸ್ತಕವನ್ನು ಅಶ್ಲೀಲ ಅಂದಿತು.

ಅವನು 1913ರಲ್ಲೇ ಬರೆದಿಟ್ಟಿದ್ದ ನಾಟಕವೊಂದಿತ್ತು, 'ದಿ ಡಾಟರ್ ಇನ್ ಲಾ'. ಗಣಿ ಕೂಲಿಯ ಮನೆ, ಹೊರಗೆ ಮುಷ್ಕರ, ಬಾಯಿ ತುಂಬ ಅಪ್ಪನ ಸೀಮೆಯ ಮಾತು. ಅವನು ಬದುಕಿದ್ದಷ್ಟು ದಿನ ಯಾವ ಕಂಪನಿಯೂ ಅದನ್ನು ಆಡಲಿಲ್ಲ. 1967ರಲ್ಲಿ ಪೀಟರ್ ಗಿಲ್ ಎಂಬ ನಿರ್ದೇಶಕ ಅದನ್ನು ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಆಡಿಸಿದ. ಆರ್ಥರ್ ಸತ್ತು ಆಗ 43 ವರ್ಷವಾಗಿತ್ತು.