ಗಾಯಗೊಂಡ ಲೋಕದಲ್ಲಿ ಆರಾಧನೆ: ಸತ್ಯಮಂಗಲದಿಂದ ತಾಳವಾಡಿವರೆಗೆ

ಸತ್ಯಮಂಗಲದಿಂದ ಬಣ್ಣಾರಿ ದಾಟಿ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿದರೆ ಹಾಸನೂರು, ಅದರಾಚೆ ತಾಳವಾಡಿಯ ಬಯಲು. ಜಿಲ್ಲೆ ಈರೋಡು, ರಾಜ್ಯ ತಮಿಳುನಾಡು, ಮನೆಮಾತು ಕನ್ನಡ. ರಾಜಕುಮಾರ್ ಅವರ ಗಾಜನೂರು ಇಲ್ಲಿದೆ ಎಂಬುದು ಕನ್ನಡಿಗರಿಗೆಲ್ಲ ಗೊತ್ತು. ಅದೇ ತಾಳವಾಡಿಯ ಮಗ್ಗುಲಲ್ಲಿ ಸೂಸೈಪುರ ಎಂಬ ಊರಿದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಸೂಸೈ ಎಂದರೆ ಯೇಸುವಿನ ಸಾಕುತಂದೆ ಸಂತ ಜೋಸೆಫರು. ಹಳೆ ಮೈಸೂರು ಸೀಮೆಯ ಕಥೋಲಿಕ ಒಕ್ಕಲುಗಳಲ್ಲಿ ಚಿನ್ನಪ್ಪನೆಂದರೆ ಪೌಲ, ರಾಯಪ್ಪನೆಂದರೆ ಪೇತ್ರ, ಅರುಳಪ್ಪನೆಂದರೆ ಯೊವಾನ್ನ, ಚೌರಪ್ಪನೆಂದರೆ ಕ್ಸೇವಿಯರ್, ಇನ್ನಾಸಪ್ಪನೆಂದರೆ ಯೇಸುಸಭೆಯನ್ನು ಕಟ್ಟಿದ ಇಗ್ನೇಷಿಯಸ್. ಕ್ರೈಸ್ತ ಧರ್ಮ ಯಾವ ದಾರಿಯಲ್ಲಿ ಘಟ್ಟ ಹತ್ತಿತು ಎಂಬುದಕ್ಕೆ ತಮಿಳಿನ ಈ ಹೆಸರುಗಳೇ ಸಾಕ್ಷಿ. ಅದು ತಮಿಳು ಬಯಲಿನಿಂದ ಕನ್ನಡ ನೆಲಕ್ಕೆ ನಡೆದುಬಂದದ್ದು.

ಲೋಕ ಪಾಪದಿಂದ ಮುರಿದುಬಿದ್ದಿದೆ, ದೇವರು ಆ ಮುರುಕಿನೊಳಗೇ ಇಳಿದು ಬಂದ ಎಂಬುದು ಕ್ರೈಸ್ತ ವಿಶ್ವಾಸದ ತಿರುಳು. ಆರಾಧನೆಯೆಂದರೆ ಆ ಮುರುಕನ್ನು ಮರೆಮಾಚದೆ ದೇವರ ಮುಂದೆ ತೆರೆದಿಡುವುದು. ಈ ಘಟ್ಟದ ಸೀಮೆಯಲ್ಲಿ ಪಾಪವೆಂದರೆ ಯಾವುದು ಎಂಬ ತಿಳಿವಳಿಕೆ ಕಾಲದಿಂದ ಕಾಲಕ್ಕೆ ಬದಲಾಗಿದೆ. ಮೊದಮೊದಲು ವಿಗ್ರಹಾರಾಧನೆ, ಆಮೇಲೆ ಹೆಂಡ ಮತ್ತು ನಡತೆ, ತೀರ ಈಚೆಗೆ ಜಾತಿ, ಹಸಿವು, ಹಿಂಸೆ. ಆದರೆ ಜಾತಿಯ ಪ್ರಶ್ನೆ ಮೊದಲ ದಿನದಿಂದಲೂ ಪೂಜಾಪೀಠದ ಎದುರಿಗೇ ಇತ್ತು, ಅದನ್ನು ಪಾಪವೆಂದು ಕರೆಯಲು ಸಭೆಗೆ ಮುನ್ನೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು ಎಂಬುದು ನನ್ನ ತಿಳಿವಳಿಕೆ.

ಕಥೆ ಶುರುವಾಗುವುದು ಮದುರೆಯಲ್ಲಿ. 1606ರಲ್ಲಿ ಅಲ್ಲಿಗೆ ಬಂದ ಯೇಸುಸಭೆಯ ಗುರು ರಾಬರ್ತೊ ದೆ ನೊಬಿಲಿ ಕಾವಿ ತೊಟ್ಟು, ಮಾಂಸ ಬಿಟ್ಟು, ಸನ್ಯಾಸಿಯಂತೆ ಬದುಕಿದರು. ಜನಿವಾರ, ಜುಟ್ಟು, ಗಂಧ, ಸ್ನಾನ ಇವು ಲೋಕಾಚಾರವೇ ಹೊರತು ಧರ್ಮವಲ್ಲ ಎಂಬುದು ಅವರ ವಾದ. 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗೊರಿ ಅದಕ್ಕೆ ಒಪ್ಪಿಗೆ ಕೊಟ್ಟರು. ಆ ಶತಮಾನದ ನಡುಭಾಗದಲ್ಲಿ ಇದೇ ಮಾದರಿ ಹಿಡಿದು ಇಟಲಿಯ ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದರು. ಆಗ ಆಳುತ್ತಿದ್ದವರು ಕಂಠೀರವ ನರಸರಾಜ ಒಡೆಯರು. ಹೀಗೆ ಹುಟ್ಟಿದ ಯೇಸುಸಭೆಯ ಮೈಸೂರು ಮಿಶನ್ನಿಗೆ ಘಟ್ಟದ ಬುಡದ ಸತ್ಯಮಂಗಲ ಒಂದು ಮುಖ್ಯ ನೆಲೆಯಾಯಿತು. ಚಿನ್ನಾಮಿ ಕನ್ನಡ ಕಲಿತು ವ್ಯಾಕರಣವನ್ನೂ ಧರ್ಮೋಪದೇಶದ ಪುಸ್ತಕವನ್ನೂ ಸಿದ್ಧಪಡಿಸಿದರು. ಈ ಮಿಶನ್ನಿನ ಕಥೆಯನ್ನು ಹಳೆಯ ಕಾಗದಪತ್ರಗಳಿಂದ ಹೆಕ್ಕಿ ಬರೆದವರು ದೊಮೆನಿಕೊ ಫೆರ್ರೋಲಿ. ಅವರ ‘ದಿ ಜೆಸ್ಯೂಟ್ಸ್ ಇನ್ ಮೈಸೂರ್’ 1955ರಲ್ಲಿ ಬಂತು. ಈ ವಿಷಯದಲ್ಲಿ ಕೆಲಸ ಮಾಡುವವರು ಇಂದಿಗೂ ಅದನ್ನು ತೆರೆಯದೆ ಮುಂದೆ ಹೋಗಲಾರರು.

ನೊಬಿಲಿಯವರ ಈ ಮಾದರಿಯ ಬೆಲೆ ಏನು ಎಂಬುದನ್ನು ನಿಧಾನವಾಗಿ ನೋಡಬೇಕು. ಬ್ರಾಹ್ಮಣ ಸನ್ಯಾಸಿಯ ವೇಷದಲ್ಲಿದ್ದ ಗುರು ಹೊಲೆಯರ, ಮಾದಿಗರ ಕೇರಿಗೆ ಹೋಗುವಂತಿರಲಿಲ್ಲ. ಅವರಿಗೆಂದು ಪಂಡಾರದ, ಎಂದರೆ ಬ್ರಾಹ್ಮಣೇತರ ಸನ್ಯಾಸಿಯ, ವೇಷದ ಬೇರೆ ಗುರುಗಳನ್ನು ಕಳಿಸಬೇಕಾಯಿತು. ದೇವರೊಬ್ಬನೇ ಎಂದು ಸಾರುವವರ ನಡುವೆಯೇ ಎರಡು ಮಡಿ ಹುಟ್ಟಿಕೊಂಡವು. 1704ರಲ್ಲಿ ಪೋಪರ ಪ್ರತಿನಿಧಿ ದೆ ತೂರ್ನೊ ಪಾಂಡಿಚೇರಿಯಲ್ಲಿ ಹೊರಡಿಸಿದ ಆಜ್ಞೆಯಲ್ಲಿ, ಕಾಯಿಲೆ ಬಿದ್ದ ಅಸ್ಪೃಶ್ಯರ ಮನೆಗೆ ಹೋಗಿ ಸಂಸ್ಕಾರ ಕೊಡಲು ಗುರುಗಳು ಹಿಂಜರಿಯಬಾರದು ಎಂಬ ಮಾತೂ ಇತ್ತು. ನಲವತ್ತು ವರ್ಷ ಜಗಳ ನಡೆಯಿತು. 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಆ ಆಜ್ಞೆಯನ್ನು ಬಲಪಡಿಸಿ, ಎಲ್ಲ ಮಿಶನರಿಗಳೂ ಪ್ರಮಾಣ ಮಾಡಬೇಕೆಂದರು. ಆದರೂ ಕೆಳಜಾತಿಯವರಿಗೆ ಬೇರೆ ಗುರುಗಳನ್ನು ನೇಮಿಸಬಹುದು ಎಂಬ ರಾಜಿಯನ್ನೂ ಒಪ್ಪಿದರು. ಸಾಯುವವನ ಹಣೆಗೆ ಎಣ್ಣೆ ಹಚ್ಚಲು ಗುರು ಹೊಸ್ತಿಲು ದಾಟಬಹುದೇ ಬೇಡವೇ ಎಂದು ಯುರೋಪಿನ ಪಂಡಿತರು ತಲೆಮಾರುಗಳ ಕಾಲ ತರ್ಕ ಮಾಡಿದರು ಎಂಬುದನ್ನು ಓದುವಾಗ ಮನಸ್ಸು ಭಾರವಾಗುತ್ತದೆ. ನೊಬಿಲಿಯವರ ಪಾಂಡಿತ್ಯ ದೊಡ್ಡದು. ಈ ನೆಲದ ನಡೆನುಡಿಗೆ ಅವರು ಕೊಟ್ಟ ಗೌರವವೂ ದೊಡ್ಡದೇ. ಆದರೆ ಅವರು ಲೋಕಾಚಾರವೆಂದು ಪಕ್ಕಕ್ಕಿಟ್ಟದ್ದರಲ್ಲೇ ಈ ಸಮಾಜದ ಅತಿ ಆಳದ ಗಾಯ ಇತ್ತು.

ಆ ಗಾಯದ ಅರಿವು ಘಟ್ಟದ ಜನರಿಗೆ ಇರಲಿಲ್ಲವೆಂದಲ್ಲ. ಈ ಸೀಮೆಯ ಸುತ್ತ ದೇವರಗುಡ್ಡರು ಕಂಸಾಳೆ ಹಿಡಿದು ಮಾದಪ್ಪನ ಕಥೆ ಹಾಡುತ್ತಿದ್ದರು, ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆ ಹಾಡುತ್ತಿದ್ದರು. ಮಂಟೇಸ್ವಾಮಿ ಮೈಯೆಲ್ಲ ಹೊಲಸು ಮಾಡಿಕೊಂಡು, ಸತ್ತ ಕರುವನ್ನು ಹೊತ್ತು ಕಲ್ಯಾಣದ ಬಾಗಿಲಿಗೆ ಬಂದು ಶರಣರ ನಿಜವನ್ನು ಪರೀಕ್ಷಿಸುತ್ತಾನೆ. ಹೊರಗೆ ತಳ್ಳಿಸಿಕೊಂಡವನಲ್ಲೇ ದೇವರನ್ನು ಕಾಣುವ ಈ ಕಥೆ ಊರಾಚೆ ಶಿಲುಬೆಗೇರಿದವನ ಕಥೆಗೆ ಎಷ್ಟು ಹತ್ತಿರ! ಪಂಡಿತರ ಮಡಿಯ ಕಡೆಗೆ ನೋಡುತ್ತ ನಿಂತ ಮಿಶನ್ನಿಗೆ ಕೇರಿಯ ಈ ಹಾಡು ಕೇಳಿಸಲಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಕೇಳಿಸಿದ್ದರೆ ಇಲ್ಲಿನ ಆರಾಧನೆಯ ದಾರಿಯೇ ಬೇರೆಯಾಗುತ್ತಿತ್ತು.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಎಲ್ಲವೂ ಚೂರಾಯಿತು. 1759ರಲ್ಲಿ ಪೋರ್ಚುಗಲ್ ಯೇಸುಸಭೆಯವರನ್ನು ತನ್ನ ಸೀಮೆಯಿಂದ ಹೊರದೂಡಿತು. 1773ರಲ್ಲಿ ಪೋಪರೇ ಆ ಸಭೆಯನ್ನು ವಿಸರ್ಜಿಸಿದರು. 1784ರಲ್ಲಿ ಟಿಪ್ಪು ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. 1790ರಲ್ಲಿ ಸತ್ಯಮಂಗಲದ ಹೊರಗೇ ಟಿಪ್ಪುವಿಗೂ ಇಂಗ್ಲಿಷರಿಗೂ ಕಾಳಗವಾಯಿತು. ಗಜಲಹಟ್ಟಿ ಕಣಿವೆ ದಂಡಿನ ದಾರಿಯಾಯಿತು. ಗುರುಗಳೇ ಇಲ್ಲದ ಇಂಥ ಕಾಲದಲ್ಲಿ ಆರಾಧನೆ ಉಳಿದದ್ದು ಉಪದೇಶಿಗಳ ಕೈಯಲ್ಲಿ, ಮನೆಯ ಹೆಂಗಸರ ಜಪಸರದಲ್ಲಿ. ಮಗುವಿಗೆ ಜ್ಞಾನಸ್ನಾನ ಕೊಡುವುದು, ಸತ್ತವರಿಗೆ ಮಣ್ಣು ಕೊಡುವಾಗ ಮಂತ್ರ ಹೇಳುವುದು, ಬಾಯಿಪಾಠದ ಜಪಗಳನ್ನು ಮಕ್ಕಳಿಗೆ ಕಲಿಸುವುದು, ಇವೆಲ್ಲ ಅವರ ಪಾಲಿಗೆ ಬಂದವು. ಈ ಸೀಮೆಯ ಸಭೆಯನ್ನು ಕಟ್ಟಿದವರ ಪಟ್ಟಿ ಬರೆಯುವಾಗ ನಾವು ವಿದೇಶಿ ಹೆಸರುಗಳನ್ನಷ್ಟೇ ಬರೆಯುತ್ತೇವೆ. ಅದು ಅನ್ಯಾಯ.

ಅವಶೇಷಗಳನ್ನು ಜೋಡಿಸಲು ಬಂದವರು ಪ್ಯಾರಿಸ್ ವಿದೇಶಿ ಮಿಶನ್ನಿನ ಅಬ್ಬೆ ದ್ಯುಬುವಾ. 1792ರಲ್ಲಿ ಭಾರತಕ್ಕೆ ಬಂದ ಅವರು ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ಚದುರಿದವರನ್ನು ಒಟ್ಟುಗೂಡಿಸಿದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯದ ನೆಲೆ ಮಾಡಿಸಿದರು, ಊರೂರಿನಲ್ಲಿ ಸಿಡುಬಿನ ಲಸಿಕೆ ಹಾಕಿಸಿದರು. ಕೊನೆಗೆ 1823ರಲ್ಲಿ ಭಾರತ ಬಿಟ್ಟು ಹೋಗಿ, ಈ ದೇಶದಲ್ಲಿ ಕ್ರೈಸ್ತ ಧರ್ಮ ಬೇರೂರಲಾರದು ಎಂದು ಪತ್ರರೂಪದ ಪುಸ್ತಕವೊಂದನ್ನು ಪ್ರಕಟಿಸಿದರು. ಮರುವರ್ಷವೇ ಇಂಗ್ಲಿಷ್ ಪಾದ್ರಿ ಜೇಮ್ಸ್ ಹಫ್ ಅದಕ್ಕೆ ಉತ್ತರ ಬರೆದರು. ಆ ವಾದದಲ್ಲಿ ಯಾರು ಗೆದ್ದರು ಎಂಬುದಕ್ಕಿಂತ ನನ್ನನ್ನು ಕಾಡುವುದು ಬೇರೆ. ಲಸಿಕೆ ಹಾಕಿ ಜೀವ ಉಳಿಸಿದ ಮನುಷ್ಯನಿಗೆ ಅದು ಕೂಡ ಆರಾಧನೆಯ ಭಾಗವೆಂದು ಕಾಣಲಿಲ್ಲವೇ? ತಾನು ಸೋತೆನೆಂದು ಅವರು ತಿಳಿದ ಊರುಗಳಲ್ಲಿ ಇಂದಿಗೂ ಭಾನುವಾರದ ಗಂಟೆ ಬಾರಿಸುತ್ತದೆ.

ಹತ್ತೊಂಬತ್ತನೆಯ ಶತಮಾನದ ಪ್ರಾಟೆಸ್ಟಂಟ್ ಮಿಶನ್ನುಗಳ ಕಥೆ ಕನ್ನಡಿಗರಿಗೆ ಪರಿಚಿತ, ಬೇಗ ಹೇಳಿ ಮುಗಿಸಬಹುದು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಶುರುಮಾಡಿದ ಕೆಲಸದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ, 1846ರಲ್ಲಿ ನೀಲಗಿರಿಯ ಕೇತಿಗೆ ಬಂತು. ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿಗೆ ತಂದರು. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ ಇದನ್ನೆಲ್ಲ ವಿವರವಾಗಿ ದಾಖಲಿಸಿದೆ. ಆರಾಧನೆಯ ದೃಷ್ಟಿಯಿಂದ ಮುಖ್ಯವಾದ ಬದಲಾವಣೆ ಎರಡು. ಒಂದು, ಪಾಪವೆಂಬುದು ಒಬ್ಬೊಬ್ಬನ ಮನಸ್ಸಾಕ್ಷಿಯ ವಿಷಯವಾಯಿತು. ತನ್ನ ಪಾಪ ತಾನರಿತು, ಅತ್ತು, ತಿರುಗಿಕೊಳ್ಳುವುದೇ ವಿಶ್ವಾಸದ ಗುರುತಾಯಿತು. ಇನ್ನೊಂದು, 1850ರ ಮದ್ರಾಸ್ ಮಿಶನರಿ ಸಮ್ಮೇಳನದಲ್ಲಿ ಲೈಪ್ಜಿಗ್ ಮಿಶನ್ ಹೊರತು ಉಳಿದವರೆಲ್ಲ, ಜಾತಿ ಬಿಡದವನಿಗೆ ಸಭೆಯಲ್ಲಿ ಜಾಗವಿಲ್ಲ ಎಂಬ ನಿಲುವಿಗೆ ಬಂದರು. ಕಾಗದದ ಮೇಲೆ ಇದು ದೊಡ್ಡ ಹೆಜ್ಜೆ. ಆದರೆ ಮದುವೆಯ ಮಾತುಕತೆಯಲ್ಲಿ, ಸ್ಮಶಾನದ ಗೋಡೆಯಲ್ಲಿ ಜಾತಿ ಉಳಿದೇ ಉಳಿಯಿತು.

ಅಷ್ಟರಲ್ಲಿ 1876–78ರ ಬರ ಬಂತು. ಮೈಸೂರು ಸಂಸ್ಥಾನವೊಂದರಲ್ಲೇ ಸುಮಾರು ಹತ್ತು ಲಕ್ಷ ಜನ ಸತ್ತರು. ಪ್ರಾಟೆಸ್ಟಂಟರಾದ ವೆಸ್ಲಿಯನ್ನರು ತುಮಕೂರು, ಹಾಸನಗಳಲ್ಲಿ ಅನಾಥಾಲಯ ತೆರೆದರು, ಕಥೋಲಿಕರು ಬೆಂಗಳೂರಿನ ಸುತ್ತ ಅನಾಥರಿಗಾಗಿ ಊರುಗಳನ್ನೇ ಕಟ್ಟಿದರು. ಗಂಜಿಗಾಗಿ ಧರ್ಮ ಬಿಟ್ಟರು ಎಂಬ ಹಂಗಿನ ಮಾತು ಅಂದಿನಿಂದ ಇಂದಿನವರೆಗೂ ಕೇಳಿಬರುತ್ತದೆ. ಹಸಿದವನಿಗೆ ಅನ್ನ ಕೊಟ್ಟವರ ದೇವರು ಅವನಿಗೆ ದೇವರಾಗಿ ಕಂಡರೆ ಅದರಲ್ಲಿ ನಾಚಿಕೆ ಪಡಬೇಕಾದ್ದು ಏನೂ ಇಲ್ಲವೆಂದು ನಾನು ನಂಬುತ್ತೇನೆ.

ಸಭೆಯ ಹೊರಗೆ, ಸಾಹಿತ್ಯದಲ್ಲೂ ಈ ಚಿಂತನೆ ಬೆಳೆಯಿತು. ಬಾಸೆಲ್ ಮಿಶನ್ನಿನ ಪಾದ್ರಿ ಉತ್ತಂಗಿ ಚನ್ನಪ್ಪನವರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಬರೆದರು. ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿದ್ದೂ ಅವರೇ. ಇತ್ತ ಇನ್ನೊಂದು ಗಡಿಯ ಮಂಜೇಶ್ವರದಲ್ಲಿ ಕುಳಿತು ಗೋವಿಂದ ಪೈಗಳು ಯೇಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿಸಿದರು. ಕ್ರೈಸ್ತರಲ್ಲದ ಕವಿಯೊಬ್ಬರು ಶಿಲುಬೆಯ ನೋವನ್ನು ಕನ್ನಡದ್ದೇ ನೋವನ್ನಾಗಿ ಮಾಡಿದ್ದು ಸಣ್ಣ ಸಂಗತಿಯಲ್ಲ.

ಸ್ವಾತಂತ್ರ್ಯದ ನಂತರ ತಾಳವಾಡಿಯ ಮಟ್ಟಿಗೆ ಗಡಿಗಳು ಹೊಸದಾಗಿ ಬಿದ್ದವು. 1955ರಲ್ಲಿ ಮೈಸೂರು ಧರ್ಮಪ್ರಾಂತ್ಯದಿಂದ ಊಟಿ ಧರ್ಮಪ್ರಾಂತ್ಯ ಬೇರೆಯಾಯಿತು, ಸತ್ಯಮಂಗಲದ ಸೀಮೆ ಊಟಿಯ ಕಡೆಗೆ ಹೋಯಿತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಕೊಳ್ಳೇಗಾಲದ ಕಡೆ ಮಾರ್ಟಳ್ಳಿಯಂಥ ತಮಿಳು ಮಾತಿನ ಕ್ರೈಸ್ತ ಊರುಗಳು ಕನ್ನಡ ರಾಜ್ಯದೊಳಗೆ ಬಂದವು, ಕನ್ನಡ ಮಾತಿನ ತಾಳವಾಡಿ ತಮಿಳು ಆಡಳಿತದೊಳಗೆ ನಿಂತಿತು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಜನರ ಭಾಷೆಯಲ್ಲಿ ಪೂಜೆ ಮಾಡಲು ಅನುಮತಿ ಕೊಟ್ಟಾಗ, ಇಂಥ ಗಡಿಗಳಲ್ಲಿ ಜನರ ಭಾಷೆ ಯಾವುದು ಎಂಬ ಪ್ರಶ್ನೆಯೂ ಬೆನ್ನಿಗೇ ಬಂತು. ಬೆಂಗಳೂರಿನ ಇಗರ್ಜಿಗಳಲ್ಲಿ ಅದು ಕನ್ನಡ–ತಮಿಳು ಜಗಳವಾಗಿ ಸಿಡಿದದ್ದನ್ನು ನಾವು ಕಂಡಿದ್ದೇವೆ. ಕ್ಷಮೆಯ ಸಂಸ್ಕಾರಕ್ಕೆ ಬಂದವರು ಮಾತಿನ ಹೆಸರಲ್ಲಿ ಕೈಮಾಡಿದ್ದು ಸಭೆಯ ಇತ್ತೀಚಿನ ಪಾಪಗಳಲ್ಲಿ ಒಂದು.

ಅದೇ ಬೆಂಗಳೂರಿನಲ್ಲಿ ಅಮಲೋರ್ಪವದಾಸ್ ಗುರುಗಳು 1967ರಲ್ಲಿ ಕಟ್ಟಿದ ಬೈಬಲ್, ಉಪದೇಶ, ಆರಾಧನೆಗಳ ರಾಷ್ಟ್ರೀಯ ಕೇಂದ್ರದಿಂದ ಆರತಿ, ನಮಸ್ಕಾರ, ದೀಪ, ನೆಲದ ಮೇಲೆ ಕುಳಿತ ಪೂಜೆ ಬಂದವು. 1969ರಲ್ಲಿ ರೋಮ್ ಇಂಥ ಹನ್ನೆರಡು ಅಂಶಗಳಿಗೆ ಒಪ್ಪಿತು. ಸುಂದರ ಪ್ರಯತ್ನವದು. ಆದರೆ ನೊಬಿಲಿಯ ಕಾಲದ ಪ್ರಶ್ನೆ ಮತ್ತೆ ಎದುರಾಯಿತು: ಇದು ಯಾರ ಸಂಸ್ಕೃತಿ? ದೇವಸ್ಥಾನದ ಒಳಗೆ ಬಿಡದಿದ್ದವರ ಮೊಮ್ಮಕ್ಕಳಿಗೆ ದೇವಸ್ಥಾನದ ಆರತಿ ಸಮಾಧಾನ ಕೊಡುತ್ತದೆಯೇ?

ಇದಕ್ಕೆ ಉತ್ತರವೂ ಬೆಂಗಳೂರಿನಿಂದಲೇ ಮೊಳೆಯಿತು. 1981ರಲ್ಲಿ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣ ದಲಿತ ದೇವಶಾಸ್ತ್ರಕ್ಕೆ ನಾಂದಿಯಾಯಿತು. ಅದರ ಕಣ್ಣಲ್ಲಿ ಜಾತಿ ಲೋಕಾಚಾರವಲ್ಲ, ಪಾಪ. ಅದು ಒಬ್ಬನ ಮನಸ್ಸಿನ ಪಾಪವಷ್ಟೇ ಅಲ್ಲ, ಊರು ಕಟ್ಟಿದ ರೀತಿಯ ಪಾಪ. ಈ ವಿಚಾರವನ್ನು ಆರಾಧನೆಯೊಳಗೆ ತಂದವರು ಮದುರೆಯ ಥಿಯೊಲಾಜಿಕಲ್ ಸೆಮಿನರಿಯ ಜೆ. ತಿಯೋಫಿಲಸ್ ಅಪ್ಪಾವೂ. ಅವರು ಕೇರಿಯ ಹಾಡಿನ ಮಟ್ಟಿನಲ್ಲಿ, ಪರೆ ಎಂಬ ಚರ್ಮವಾದ್ಯದ ಬಡಿತಕ್ಕೆ ಇಡೀ ಆರಾಧನಾ ಕ್ರಮವನ್ನು ರಚಿಸಿದರು. ಸಾವಿನ ವಾದ್ಯವೆಂದು, ಮೈಲಿಗೆಯೆಂದು ಹೊರಗಿಟ್ಟ ಪರೆ ಪೂಜಾಪೀಠದ ಮುಂದೆ ಮೊಳಗಿತು. ಎಲ್ಲರ ಮನೆಯಿಂದ ತಂದದ್ದನ್ನು ಒಂದೇ ಪಾತ್ರೆಗೆ ಸುರಿದು ಉಣ್ಣುವುದನ್ನು ಅವರು ಪ್ರಭುಭೋಜನದ ಅರ್ಥವನ್ನಾಗಿ ಹೇಳಿದರು. ನಾಲ್ಕು ಶತಮಾನಗಳ ಈ ನಡಿಗೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವ ತಿರುವು ಇದು. ನೊಬಿಲಿ ಮದುರೆಯಲ್ಲಿ ಎರಡು ಮಾಡಿದ ಪಂಕ್ತಿಯನ್ನು ಅಪ್ಪಾವೂ ಅದೇ ಮದುರೆಯಲ್ಲಿ ಒಂದು ಮಾಡಿದರು.

ತಾಳವಾಡಿಯ ಗುಡ್ಡಗಳಿಗೆ ಬೇರೆ ಗಾಯಗಳೂ ಇವೆ. 2000ದ ಜುಲೈ 30ರಂದು ಗಾಜನೂರಿನಿಂದ ಕಾಡುಗಳ್ಳ ವೀರಪ್ಪನ್ ರಾಜಕುಮಾರ್ ಅವರನ್ನು ಒಯ್ದು 108 ದಿನ ಕಾಡಿನಲ್ಲಿಟ್ಟುಕೊಂಡದ್ದು ನಾಡಿಗೆಲ್ಲ ನೆನಪಿದೆ. ಆದರೆ ಆ ವರ್ಷಗಳಲ್ಲಿ ಅವನನ್ನು ಹಿಡಿಯಲು ಬಂದ ಪೊಲೀಸ್ ಕಾರ್ಯಪಡೆಗಳ ಹಿಂಸೆಗೆ ಸಿಕ್ಕ ಬಡವರು, ಸೋಲಿಗರು ಯಾರ ನೆನಪಲ್ಲಿದ್ದಾರೆ? ನ್ಯಾಯಮೂರ್ತಿ ಸದಾಶಿವ ಸಮಿತಿಯ ವಿಚಾರಣೆಯ ನಂತರ, 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದಿತು. 2013ರಲ್ಲಿ ಈ ಸೀಮೆಯ ಕಾಡು, ಹುಲಿ ಸಂರಕ್ಷಿತ ಪ್ರದೇಶವಾಯಿತು. ಈಗ ಬೆಳೆಗೆ ನುಗ್ಗುವ ಆನೆ, ಕೊಟ್ಟಿಗೆಗೆ ಬರುವ ಚಿರತೆ, ಬೆಲೆ ಕುಸಿದ ಟೊಮೆಟೊ, ಹತ್ತಿ ಗಿರಣಿಗಳತ್ತ ಇಳಿದುಹೋಗುವ ಹುಡುಗಿಯರು. 2015ರಲ್ಲಿ ಪೋಪ್ ಫ್ರಾನ್ಸಿಸ್ ‘ಲೌದಾತೊ ಸಿ’ಯಲ್ಲಿ ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಜೊತೆಯಾಗಿ ಕೇಳಿಸಿಕೊಳ್ಳಬೇಕೆಂದಾಗ, ಅವರು ಈ ಗುಡ್ಡಗಳ ಬಗೆಗೇ ಬರೆದಂತಿತ್ತು.

ತಪಸ್ಸುಕಾಲದ ಶುಕ್ರವಾರಗಳಲ್ಲಿ ನಡೆಯುವ ಶಿಲುಬೆಯ ಹಾದಿಯಲ್ಲಿ ಹದಿನಾಲ್ಕು ಸ್ಥಳಗಳಿವೆ. ಒಂದೊಂದು ಸ್ಥಳದಲ್ಲೂ ಈ ಸೀಮೆಯ ಒಂದೊಂದು ನೋವನ್ನು ಹೆಸರಿಟ್ಟು ಪ್ರಾರ್ಥಿಸಲು ಬೇಕಾದ ಕನ್ನಡ ಪಠ್ಯವನ್ನು ಗಡಿಯ ಸಭೆಗಳು ಸಿದ್ಧಪಡಿಸಿಕೊಳ್ಳಬೇಕು. ಅದು ಮೈಸೂರಿನ ಅಚ್ಚುಕೂಟದಿಂದ ಬರುವ ಪುಸ್ತಕದ ಕನ್ನಡವಾಗದೆ ತಾಳವಾಡಿ, ತಲಮಲೆ, ಹಾಸನೂರಿನವರು ಆಡುವ ಕನ್ನಡವಾಗಿರಬೇಕು, ಪಕ್ಕದ ತಮಿಳು ಬಾಯಿಗಳಿಗೂ ಅದರಲ್ಲಿ ಎಡೆಯಿರಬೇಕು. ಉಪದೇಶಿಗಳ ಮನೆತನಗಳಲ್ಲಿ, ಅಜ್ಜಿಯರ ಬಾಯಲ್ಲಿ ಇನ್ನೂ ಉಳಿದಿರುವ ಹಳೆಯ ಜಪ, ಸಾವಿನ ಹಾಡು, ತೇರಿನ ಹಾಡುಗಳನ್ನು ಧ್ವನಿಮುದ್ರಿಸಿ ಬರೆದಿಡುವುದು ಆ ಕೆಲಸದ ಮೊದಲ ಮೆಟ್ಟಿಲು. ಜಾನಪದ ವಿದ್ವಾಂಸರು ಮಂಟೇಸ್ವಾಮಿ, ಮಾದೇಶ್ವರರ ಕಾವ್ಯಗಳನ್ನು ಹಾಡುಗಾರರ ಬಾಯಿಂದಲೇ ಕೇಳಿ ಸಂಪಾದಿಸಿದ್ದಾರೆ. ಅದೇ ಶ್ರದ್ಧೆ ಸೂಸೈಪುರದಂಥ ಊರುಗಳಿಗೂ ಸಲ್ಲಬೇಕು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತ ಅಧ್ಯಯನಕ್ಕೆಂದೇ ವಿಭಾಗವಿದೆ, ಚಾಮರಾಜನಗರದಿಂದ ತಾಳವಾಡಿಗೆ ದಾರಿಯೂ ದೂರವಲ್ಲ.