ಕ್ಷಯರೋಗಿಗಳ ತರಗತಿಯಿಂದ ವ್ಯಸನಮುಕ್ತಿಯ ಗುಂಪಿಗೆ

ವ್ಯಸನಮುಕ್ತಿ ಕೇಂದ್ರವೊಂದಕ್ಕೆ ಬೆಳಗಿನ ಹೊತ್ತು ಹೋದರೆ, ಅಲ್ಲಿನ ಒಂದು ಕೋಣೆ ನಿಮಗೆ ಶಾಲೆಯ ತರಗತಿಯಂತೆ ಕಾಣಬಹುದು. ಹತ್ತು ಹನ್ನೆರಡು ಮಂದಿ ವೃತ್ತಾಕಾರವಾಗಿ ಕುಳಿತಿರುತ್ತಾರೆ. ಎದುರಿಗೊಂದು ಹಲಗೆ, ಕೈಯಲ್ಲಿ ಪುಸ್ತಕ, ಪೆನ್ನು. "ಕುಡಿತ ಬಿಡಿಸಲು ಔಷಧ ಕೊಡುವುದು ಬಿಟ್ಟು ಇದೇನು ಪಾಠ?" ಎಂದು ಮನೆಯವರು ಕೇಳುವುದುಂಟು. ಇದಕ್ಕೆ ಉತ್ತರ ಚರಿತ್ರೆಯಲ್ಲಿದೆ. ಆ ಚರಿತ್ರೆ ಆರಂಭವಾಗುವುದು ಮದ್ಯದಿಂದಲ್ಲ, ಕ್ಷಯದಿಂದ!

1905ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ ಜೋಸೆಫ್ ಪ್ರಾಟ್ ಎಂಬ ವೈದ್ಯರು ಬಡ ಕ್ಷಯರೋಗಿಗಳಿಗಾಗಿ ಒಂದು 'ತರಗತಿ' ತೆರೆದರು. ಆಗ ಕ್ಷಯಕ್ಕೆ ಔಷಧವಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ. ವಿಶ್ರಾಂತಿ, ಶುದ್ಧ ಗಾಳಿ, ಒಳ್ಳೆಯ ಆಹಾರ, ಇವಷ್ಟೇ ಚಿಕಿತ್ಸೆ. ಆರೋಗ್ಯಧಾಮಕ್ಕೆ ಹೋಗಲು ಹಣವಿಲ್ಲದವರು ಇವನ್ನು ಮನೆಯಲ್ಲೇ ಪಾಲಿಸಬೇಕಿತ್ತು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ತಿಳಿಹೇಳಲು ವೈದ್ಯರಿಗೆ ಸಮಯ ಸಾಲದು. ಆದ್ದರಿಂದ ಪ್ರಾಟ್ ವಾರಕ್ಕೊಮ್ಮೆ ಎಲ್ಲರನ್ನೂ ಒಟ್ಟಿಗೆ ಸೇರಿಸಿದರು. ಪ್ರತಿಯೊಬ್ಬರೂ ಜ್ವರ, ಊಟ, ವಿಶ್ರಾಂತಿಗಳ ದಿನಚರಿ ಬರೆದು ತರಬೇಕು. ತೂಕ ಹೆಚ್ಚಿದವರನ್ನು ಎಲ್ಲರೂ ಮೆಚ್ಚುತ್ತಿದ್ದರು.

ಸಮಯ ಉಳಿಸಲೆಂದು ಹೂಡಿದ ಉಪಾಯದಿಂದ ಬೇರೊಂದು ಲಾಭವೂ ಆಯಿತು. 'ಈ ಕಷ್ಟ ನನಗೊಬ್ಬನಿಗೇ ಅಲ್ಲ' ಎಂಬ ಅರಿವು ರೋಗಿಗಳಿಗೆ ಧೈರ್ಯ ಕೊಡುತ್ತಿತ್ತು. ಗುಂಪು ಕೂಡ ಒಂದು ಔಷಧ ಎಂಬುದನ್ನು ಪ್ರಾಟ್ ಕ್ರಮೇಣ ಮನಗಂಡರು.

ಪ್ರಾಟ್ ಅವರ ತರಗತಿಗೆ ನೆರವಾಗಿದ್ದ ಇಮ್ಯಾನ್ಯುಯೆಲ್ ಚರ್ಚ್ 1906ರಲ್ಲಿ ಮಾನಸಿಕ ತೊಂದರೆಯುಳ್ಳವರಿಗೂ ಕುಡಿತದ ದಾಸರಿಗೂ ನೆರವು ನೀಡತೊಡಗಿತು. ಅಲ್ಲಿ ಗುಣ ಹೊಂದಿದ ಕೋರ್ಟ್ನಿ ಬೇಲರ್ ಮುಂದೆ ಅಲ್ಲೇ ಇತರರಿಗೆ ಸಲಹೆಗಾರರಾದರು. ವ್ಯಸನದಿಂದ ಹೊರಬಂದವನೇ ವ್ಯಸನಿಗೆ ದಾರಿ ತೋರಬಲ್ಲ ಎಂಬ ಈ ವಿಚಾರಕ್ಕೆ ದೊಡ್ಡ ರೂಪ ಬಂದದ್ದು 1935ರಲ್ಲಿ. ಆ ವರ್ಷ ಅಕ್ರಾನ್ ನಗರದಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಸೇರಿ 'ಆಲ್ಕೊಹಾಲಿಕ್ಸ್ ಅನಾನಿಮಸ್' ಸಂಘಟನೆಗೆ ನಾಂದಿ ಹಾಡಿದರು. 1950ರ ದಶಕದಲ್ಲಿ ಮಿನೆಸೋಟದ ಹೇಝಲ್ಡನ್ ಮತ್ತು ವಿಲ್ಮರ್ ಆಸ್ಪತ್ರೆಗಳು ಈ ಅನುಭವವನ್ನೂ ವೈದ್ಯರ, ಮನೋವಿಜ್ಞಾನಿಗಳ ತಿಳಿವನ್ನೂ ಬೆಸೆದವು. ಉಪನ್ಯಾಸ, ಗುಂಪು ಚರ್ಚೆ, ಬರವಣಿಗೆ ಇವೆಲ್ಲ ವೇಳಾಪಟ್ಟಿಗೆ ಸೇರಿದವು. ಹೇಝಲ್ಡನ್‌ನಲ್ಲಿ ತರಬೇತಿ ಪಡೆದ ಶಾಂತಿ ರಂಗನಾಥನ್ ಅವರು 1980ರಲ್ಲಿ ಚೆನ್ನೈಯಲ್ಲಿ ಆರಂಭಿಸಿದ ಸಂಸ್ಥೆಯ ಮೂಲಕ ಈ ಕ್ರಮ ನಮ್ಮ ನೆರೆಗೂ ಬಂತು. ಕುಡಿತದಿಂದ ಪತಿಯನ್ನು ಕಳೆದುಕೊಂಡ ನೋವು ಆ ಸಂಸ್ಥೆಯ ಹಿಂದಿತ್ತು.

1985ರಲ್ಲಿ ಅಲನ್ ಮಾರ್ಲಟ್ ಮತ್ತು ಜುಡಿತ್ ಗಾರ್ಡನ್ ಪ್ರಕಟಿಸಿದ ಗ್ರಂಥ ಈ 'ಪಾಠ'ಕ್ಕೆ ಇನ್ನಷ್ಟು ಖಚಿತ ರೂಪ ಕೊಟ್ಟಿತು. ಚಟ ಮರುಕಳಿಸುವುದು ಎಂತಹ ಸಂದರ್ಭಗಳಲ್ಲಿ? ಜಗಳ, ಬೇಸರ, ಸಂಬಳದ ದಿನ, ಹಳೆಯ ಗೆಳೆಯರ ಒತ್ತಾಯ! ಇವನ್ನು ಮೊದಲೇ ಗುರುತಿಸಿ, 'ಬೇಡ' ಎನ್ನುವುದನ್ನು ಗುಂಪಿನಲ್ಲಿ ಅಭಿನಯಿಸಿ ಕಲಿಯಬೇಕು. ಯಾವಾಗ, ಎಲ್ಲಿ, ಎಷ್ಟು ತೀವ್ರವಾಗಿ ಆಸೆ ಹುಟ್ಟಿತು ಎಂಬುದನ್ನು ಬರೆದಿಡಬೇಕು. ಪ್ರಯೋಗಾಲಯದಲ್ಲಿ ನಾನು ವಿದ್ಯಾರ್ಥಿಗಳಿಗೆ ಹೇಳುವುದೂ ಇದನ್ನೇ: 'ನೆನಪನ್ನು ನಂಬಬೇಡಿ, ರೀಡಿಂಗ್ ಆಗಲೇ ಬರೆದಿಡಿ.' ಪ್ರಾಟ್ ಅವರ ರೋಗಿಗಳ ದಿನಚರಿ ಇಲ್ಲಿ ಮತ್ತೆ ಕಾಣಿಸುತ್ತದೆ.

ಗುಂಪೆಂದರೆ ಎಲ್ಲವೂ ಒಳ್ಳೆಯದೆಂದು ಭಾವಿಸಬೇಡಿ. 1958ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾದ 'ಸಿನನಾನ್' ಎಂಬ ಸಂಸ್ಥೆಯಲ್ಲಿ ಸದಸ್ಯರು ಪರಸ್ಪರ ಕಟುವಾಗಿ ನಿಂದಿಸುವುದೇ ಚಿಕಿತ್ಸೆಯಾಗಿತ್ತು. ಮುಂದೆ ಅದು ಹಿಂಸೆಗೆ ಇಳಿದು, 1991ರಲ್ಲಿ ಮುಚ್ಚಿತು. ತರಬೇತಾದ ಮಾರ್ಗದರ್ಶಕ, ಗುಟ್ಟು ಕಾಯುವ ನಿಯಮ, ಗೌರವ ಇವಿಲ್ಲದ ಗುಂಪು ಗಾಯವನ್ನೇ ಮಾಡೀತು.

ಇದರಿಂದ ಫಲವೆಷ್ಟು? 2020ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು 10,565 ಜನರನ್ನೊಳಗೊಂಡ 27 ಅಧ್ಯಯನಗಳನ್ನು ಪರಿಶೀಲಿಸಿತು. ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳಿಗೆ ಕ್ರಮಬದ್ಧವಾಗಿ ಒಯ್ಯುವ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ಬಳಿಕ ಶೇಕಡಾ 42 ಮಂದಿ ಕುಡಿತದಿಂದ ಪೂರ್ಣ ದೂರವಿದ್ದರು. ಇತರ ಚಿಕಿತ್ಸೆಗಳಲ್ಲಿ ಶೇಕಡಾ 35. ವ್ಯತ್ಯಾಸವಿದೆ, ಆದರೆ ಪವಾಡವಿಲ್ಲ. ಮೊದಲ ಗುಂಪಿನಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಪೂರ್ಣವಾಗಿ ದೂರವಿರಲಾಗಲಿಲ್ಲ ಎಂಬುದನ್ನು ಗಮನಿಸಿ. ಎಂದರೆ ಚಟ ಮರುಕಳಿಸುವುದು ಗುಣಹೀನತೆಯಲ್ಲ, ರೋಗದ ಲಕ್ಷಣ.

ಒಂದು ಎಚ್ಚರಿಕೆ. ಬಹುಕಾಲ ವಿಪರೀತ ಕುಡಿದವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್, ಸನ್ನಿ ಬರಬಹುದು, ಪ್ರಾಣಾಪಾಯವೂ ಉಂಟು. ಮೊದಲು ವೈದ್ಯರ ಆರೈಕೆ, ಅನಂತರ ಗುಂಪು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ ಪ್ರತ್ಯೇಕ ವಿಭಾಗವಿದೆ.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇಂಥವರು ಒಬ್ಬರಿರಬಹುದು. ಒಂದು ಕಾಲಕ್ಕೆ ಕ್ಷಯವನ್ನೂ ನಾವು ಮುಚ್ಚಿಡುತ್ತಿದ್ದೆವು, ರೋಗಿಯನ್ನು ದೂರವಿಡುತ್ತಿದ್ದೆವು. ಪ್ರಾಟ್ ಅಂಥವರನ್ನೇ ಕರೆದು ಒಟ್ಟಿಗೆ ಕೂರಿಸಿದರು. ಕುಡಿತದ ರೋಗಿಗೂ ನಾವು ಕೊಡಬೇಕಾದದ್ದು ಛೀಮಾರಿಯಲ್ಲ, ಆ ವೃತ್ತದಲ್ಲೊಂದು ಜಾಗ.